ಬಾಲಶಿಕ್ಷಣದಲ್ಲಿ ಕಲೆಯ ಸ್ಥಾನ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಠವೆಂದರೆ ಕೇವಲ ಪೂಜೆಯ ಸ್ಥಾನವಲ್ಲ. ಹಸಿದವನಿಗೆ ಅನ್ನ, ಅರಿಯದವನಿಗೆ ಅಕ್ಷರ, ನೆಲೆಯಿಲ್ಲದವನಿಗೆ ಆಶ್ರಯ ಎಂಬ ತ್ರಿವಿಧ ದಾಸೋಹವೇ ಅದರ ಉಸಿರು. ತುಮಕೂರಿನ ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (೧೯೦೭–೨೦೧೯) ತಮ್ಮ ದೀರ್ಘಾಯುಷ್ಯವನ್ನೆಲ್ಲ ಈ ದಾಸೋಹಕ್ಕೇ ಸವೆಸಿದರು. ನಾಡಿನ ಅನೇಕ ಮಠಗಳ ಪ್ರಸಾದನಿಲಯಗಳಿಂದ ಹೊರಬಂದವರು ಇಂದು ಎಲ್ಲ ಉದ್ಯೋಗಗಳಲ್ಲಿಯೂ ಇದ್ದಾರೆ. ಇದು ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಮಹೋತ್ಸವವೆಂಬದು ನಡೆದುಬಂದ ದಾರಿಯನ್ನು ಕೊಂಡಾಡುವದಕ್ಕೆ ಮಾತ್ರವಲ್ಲ, ಮುಂದಿನ ದಾರಿಯನ್ನು ವಿಚಾರಿಸುವದಕ್ಕೂ ತಕ್ಕ ಸಮಯವು. ಆದುದರಿಂದ ಒಂದು ಪ್ರಶ್ನೆಯನ್ನು ಈ ಸಭೆಯ ಮುಂದೆ ಇಡುವದು ಉಚಿತವಾಗಿದೆ. ಆರು ವರುಷದಿಂದ ಹತ್ತು ವರುಷದ ವರೆಗಿನ ಕೂಸುಗಳಿಗೆ ಶಾಲೆಯು ಅಕ್ಷರವನ್ನು ಕೊಡುವಾಗ, ಆ ಕೂಸುಗಳು ತಮ್ಮೊಡನೆ ತಂದ ಒಂದು ಸಂಪತ್ತನ್ನು ಅದು ಕಸಿದುಕೊಳ್ಳುತ್ತಿಲ್ಲವಷ್ಟೆ? ಆ ಸಂಪತ್ತೇ ಸೃಜನಶಕ್ತಿ.

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಕಾವ್ಯವು ಹುಟ್ಟುವದಕ್ಕೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಮೂರು ಕಾರಣಗಳನ್ನು ಪೂರ್ವಾಚಾರ್ಯರು ಹೇಳಿದರು. ಹೊಸದನ್ನು ಕಾಣಬಲ್ಲ ಬುದ್ಧಿಯು ಪ್ರತಿಭೆ; ಶಾಸ್ತ್ರಲೋಕಗಳ ತಿಳಿವಳಿಕೆಯು ವ್ಯುತ್ಪತ್ತಿ; ಮರಳಿ ಮರಳಿ ಮಾಡುವದು ಅಭ್ಯಾಸ. ಕಾವ್ಯಕ್ಕೆ ಹೇಳಿದ ಈ ಮಾತು ಚಿತ್ರ, ಗೀತ, ನರ್ತನ, ನಾಟಕ, ಶಿಲ್ಪಗಳೆಲ್ಲಕ್ಕೂ ಸಲ್ಲುತ್ತದೆ. ಈ ಮೂರರಲ್ಲಿ ವ್ಯುತ್ಪತ್ತಿ ಅಭ್ಯಾಸಗಳನ್ನು ಶಾಲೆಯು ಕೊಡಬಲ್ಲದು. ಪ್ರತಿಭೆಯನ್ನು ಕೊಡುವ ಶಕ್ತಿಯು ಯಾವ ಶಾಲೆಗೂ ಇಲ್ಲ. ಕೆಡಿಸುವ ಶಕ್ತಿಯು ಮಾತ್ರ ಎಲ್ಲ ಶಾಲೆಗಳಿಗೂ ಇದೆ. ಕೊಡಲಾರದದ್ದನ್ನು ಕೆಡಿಸದಿರುವದೇ ಬಾಲಶಿಕ್ಷಣದ ಮೊದಲನೆಯ ಧರ್ಮವು.

ಪ್ರತಿಭೆಯೆಂದೊಡನೆ ಅದು ಎಲ್ಲಿಯೋ ಸಾವಿರಕ್ಕೊಬ್ಬನಲ್ಲಿ ಇರುವ ವಸ್ತುವೆಂದು ಜನರು ತಿಳಿಯುತ್ತಾರೆ. ಮಹಾಕವಿಯ ಪ್ರತಿಭೆಯು ಅಂಥದಿರಬಹುದು. ಆದರೆ ಅದರ ಬೀಜವು ಪ್ರತಿ ಮಗುವಿನಲ್ಲಿಯೂ ಇರುವದೆಂಬದಕ್ಕೆ ದೂರದ ಪ್ರಮಾಣ ಬೇಕಾಗಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾರಹುಣ್ಣಿಮೆಯು ಕಳೆದು ಹದಿನೈದು ದಿನಗಳಿಗೆ ಮಣ್ಣೆತ್ತಿನ ಅಮಾವಾಸ್ಯೆಯು ಬರುತ್ತದೆ. ಅಂದು ಮನೆಮನೆಯಲ್ಲಿ ಮಣ್ಣು ತಂದು, ನೆನೆಸಿ, ತುಳಿದು ಹದಮಾಡಿ ಜೋಡೆತ್ತುಗಳನ್ನು ಮಾಡುವರು. ಹಿರಿಯರು ಒಂದು ಜೋಡಿ ಮಾಡುತ್ತಿರಲು, ಮಗ್ಗುಲಲ್ಲಿ ಕುಳಿತ ಮಗುವೂ ಒಂದು ಮುದ್ದೆಯನ್ನು ಹಿಡಿದು ತನ್ನದೊಂದು ಎತ್ತನ್ನು ಮಾಡುತ್ತದೆ. ಅದರ ಇಣಿ ಬೆನ್ನಿಗಿಂತ ದೊಡ್ಡದಾಗಬಹುದು, ಒಂದು ಕಾಲು ಗಿಡ್ಡವಾಗಬಹುದು, ಕೋಡು ಆಕಾಶವನ್ನು ಮುಟ್ಟಬಹುದು. ಆದರೂ ಆ ಎತ್ತಿಗೆ ಕಾಳಿನ ಕಣ್ಣು ಒತ್ತಿ, ಮುಂದೆ ಒಂದು ಗೋದಲಿಯನ್ನು ಮಾಡಿ, ಅದರಲ್ಲಿ ನಾಲ್ಕೆಳೆ ಹುಲ್ಲು ಇಟ್ಟು, ಮಗುವು ಅದಕ್ಕೆ ಹೆಸರಿಡುತ್ತದೆ. ಮನೆಯವರು ಅದನ್ನು ದೇವರ ಜಗುಲಿಯ ಮೇಲೆ ತಮ್ಮ ಎತ್ತುಗಳ ಪಕ್ಕದಲ್ಲಿಯೇ ಇಟ್ಟು ಪೂಜಿಸುತ್ತಾರೆ. ಇದು ಸೊಟ್ಟಾಯಿತೆಂದು ಯಾರೂ ತೆಗೆದುಹಾಕುವದಿಲ್ಲ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ದೀಪಾವಳಿಗೆ ಸಗಣಿಯ ಪಾಂಡವರು. ಹೀಗೆ ವರುಷವಿಡೀ ಎಳೆಯ ಕೈಗಳಿಗೆ ಕೆಲಸವನ್ನು ಒದಗಿಸಿದ ಪಂಚಾಂಗವದು. ಕಲಾಶಿಕ್ಷಣವೆಂಬ ಹೆಸರಿಲ್ಲದೆಯೇ ಕಲಾಶಿಕ್ಷಣವು ನಡೆದ ಬಗೆ ಇದು. ಇಲ್ಲಿ ಮೂರು ಸಂಗತಿಗಳು ಗಮನಿಸತಕ್ಕವು. ಮಗುವಿನ ಕೈಗೆ ಸಾಮಗ್ರಿಯು ಸಿಕ್ಕಿತು. ಹಿರಿಯರು ಮಾಡುವದನ್ನು ನೋಡುವ ಅವಕಾಶವು ಸಿಕ್ಕಿತು. ಮಾಡಿದ್ದಕ್ಕೆ ಮರ್ಯಾದೆಯು ಸಿಕ್ಕಿತು. ಇಂದು ಅಚ್ಚಿನಲ್ಲಿ ಒತ್ತಿ ಬಣ್ಣ ಹಚ್ಚಿದ ಎತ್ತುಗಳನ್ನು ಸಂತೆಯಿಂದ ಕೊಂಡುತರುವ ರೂಢಿಯು ಅನೇಕ ಮನೆಗಳಲ್ಲಿ ಬಂದಿದೆ. ಎತ್ತು ಅಂದವಾಯಿತು, ಮಗುವಿನ ಕೈ ಬರಿದಾಯಿತು.

ಈ ಮಗುವೇ ಶಾಲೆಗೆ ಬಂದಾಗ ಆಗುವದೇನು? ಚಿತ್ರದ ತಾಸಿನಲ್ಲಿ ಗುರುಗಳು ಹಲಗೆಯ ಮೇಲೆ ಒಂದು ಮಾವಿನ ಹಣ್ಣನ್ನು ಬರೆಯುವರು. ನಲವತ್ತು ಮಕ್ಕಳೂ ಅದನ್ನು ನೋಡಿ ಬರೆಯಬೇಕು. ಹಣ್ಣಿಗೆ ಹಳದಿ, ಎಲೆಗೆ ಹಸಿರು. ತೋಟದಲ್ಲಿ ಕೆಂಪುಮೂತಿಯ ಹಣ್ಣನ್ನು ಕಂಡ ಮಗುವು ಕೆಂಪು ಹಚ್ಚಿದರೆ ತಪ್ಪು. ಗಿಣಿ ಕಚ್ಚಿದ ಗುರುತನ್ನು ಬರೆದರೆ ಅಧಿಕಪ್ರಸಂಗ. ತಾಸು ಮುಗಿಯುವಷ್ಟರಲ್ಲಿ ನಲವತ್ತು ಹಾಳೆಗಳ ಮೇಲೆ ನಲವತ್ತು ಒಂದೇ ತೆರದ ಹಣ್ಣುಗಳು. ಆ ಹಣ್ಣು ಯಾರದು? ಮಕ್ಕಳದಂತೂ ಅಲ್ಲ. ಗುರುಗಳದೆನ್ನೋಣವೆಂದರೆ ಅವರೂ ಅದನ್ನು ತಮ್ಮ ಗುರುಗಳ ಹಲಗೆಯಿಂದಲೇ ಇಳಿಸಿಕೊಂಡವರು. ಯಾರೂ ಕಾಣದ ಹಣ್ಣನ್ನು ಎಲ್ಲರೂ ಬರೆಯುವ ಈ ಪದ್ಧತಿಯಲ್ಲಿ ಗುರುಗಳ ದೋಷವು ಸ್ವಲ್ಪ. ಪರಂಪರೆಯಿಂದ ಬಂದ ತಪ್ಪು ತಿಳಿವಳಿಕೆಯ ದೋಷವು ಬಹಳ. ಹಿರಿಯರ ಚಿತ್ರಕ್ಕೆ ಹತ್ತಿರವಾದಷ್ಟೂ ಮಗುವಿನ ಚಿತ್ರವು ಉತ್ತಮವೆಂಬದೇ ಆ ತಿಳಿವಳಿಕೆ.

ಇದು ಏಕೆ ತಪ್ಪೆಂಬದನ್ನು ಅರಿಯಬೇಕಾದರೆ ಮಗುವಿನ ಕೈ ಬೆಳೆಯುವ ಕ್ರಮವನ್ನು ನೋಡಬೇಕು. ಮಕ್ಕಳ ಚಿತ್ರಗಳನ್ನು ದೀರ್ಘಕಾಲ ಪರಿಶೀಲಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ವಿದ್ವಾಂಸನು ೧೯೪೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬೆಳವಣಿಗೆಯನ್ನು ಹಂತಹಂತವಾಗಿ ವಿವರಿಸಿದ್ದಾನೆ. ಎರಡು ವರುಷದ ಸುಮಾರಿಗೆ ಮಗುವು ಇದ್ದಿಲೋ ಬಳಪವೋ ಸಿಕ್ಕರೆ ಗೋಡೆಯ ಮೇಲೆ ಗೀಚುತ್ತದೆ. ಕೈ ಆಡಿದಂತೆ ಗೆರೆ ಮೂಡುವದೆಂಬ ಆನಂದವೇ ಅಲ್ಲಿಯ ಫಲ. ಮುಂದೆ ಗೆರೆಯು ತಿರುಗಿ ಬಂದು ತನ್ನ ತುದಿಯನ್ನೇ ಕೂಡಿದಾಗ ಸುತ್ತು ಹುಟ್ಟುತ್ತದೆ. ಆ ಸುತ್ತಿಗೆ ಎರಡು ಕಣ್ಣು, ಕೆಳಗೆ ಎರಡು ಗೀಟು, ಅದೇ ಅವ್ವ. ಹೊಟ್ಟೆಯಿಲ್ಲದೆ ತಲೆಗೇ ಕಾಲು ಹತ್ತಿದ ಈ ಮನುಷ್ಯನನ್ನು ಲೋಕದ ಎಲ್ಲ ದೇಶಗಳ ಮಕ್ಕಳೂ ಬರೆಯುತ್ತಾರೆ. ಶಾಲೆಗೆ ಬರುವ ವಯಸ್ಸಿಗೆ ಹಾಳೆಯ ಕೆಳಗೆ ನೆಲದ ಗೆರೆ, ಮೇಲೆ ಆಕಾಶದ ಪಟ್ಟಿ ಕಾಣಿಸಿಕೊಳ್ಳುತ್ತವೆ. ಮನೆಯನ್ನು ಬರೆದು ಗೋಡೆಯ ಒಳಗಿನ ಒಲೆ, ತೊಟ್ಟಿಲು, ಅಜ್ಜಿಯನ್ನೂ ಬರೆಯುತ್ತಾರೆ. ಗೋಡೆಯಾಚೆಯದು ಕಣ್ಣಿಗೆ ಕಾಣದೆಂದು ಹಿರಿಯರು ನಗಬಹುದು. ಆದರೆ ಮಗುವು ಬರೆಯುವದು ಕಣ್ಣಿಗೆ ಕಂಡದ್ದನ್ನಲ್ಲ, ತಾನು ಅರಿತದ್ದನ್ನು. ಮನೆಯೊಳಗೆ ಅಜ್ಜಿಯಿರುವದು ಸತ್ಯ. ಆ ಸತ್ಯವನ್ನು ಮಗುವು ಬಿಡಲೊಲ್ಲದು. ತನಗೆ ಪ್ರಿಯವಾದವರನ್ನು ದೊಡ್ಡದಾಗಿಯೂ ಉಳಿದವರನ್ನು ಚಿಕ್ಕದಾಗಿಯೂ ಬರೆಯುವದೂ ಇದೇ ನ್ಯಾಯದಿಂದ. ಒಂಬತ್ತು ಹತ್ತು ವರುಷಗಳ ಹೊತ್ತಿಗೆ ವಸ್ತುವು ಇದ್ದಂತೆಯೇ ಬರೆಯಬೇಕೆಂಬ ಆಸೆಯು ಮಗುವಿಗೆ ತಾನಾಗಿಯೇ ಹುಟ್ಟುತ್ತದೆ. ಆಗ ಅದು ಬಂದು ಕೇಳುತ್ತದೆ. ಕೇಳಿದಾಗ ಕಲಿಸಿದ್ದು ನಿಲ್ಲುತ್ತದೆ. ಕೇಳುವ ಮೊದಲೇ ಹೇರಿದ್ದು, ‘ನನಗೆ ಚಿತ್ರ ಬರುವದಿಲ್ಲ’ ಎಂಬ ಒಂದೇ ಪಾಠವನ್ನು ಜನ್ಮಕ್ಕೆಲ್ಲ ಕಲಿಸಿಬಿಡುತ್ತದೆ. ಇಂದು ಈ ಸಭೆಯಲ್ಲಿ ನೆರೆದ ಹಿರಿಯರಲ್ಲಿಯೂ ಈ ಪಾಠವನ್ನು ಕಲಿತವರು ಅನೇಕರಿರಬಹುದು.

ಇಲ್ಲಿ ಒಂದು ಆಕ್ಷೇಪವು ಏಳುವದು ಸಹಜ. ಅದೂ ಪಾಠಶಾಲೆಯ ಸಂಪ್ರದಾಯದಲ್ಲಿ ಬೆಳೆದವರಿಂದ. ಅಮರಕೋಶ, ಶಬ್ದರೂಪ, ಧಾತುರೂಪ ಎಲ್ಲವನ್ನೂ ಅರ್ಥ ತಿಳಿಯುವ ಮೊದಲೇ ಕಂಠಪಾಠ ಮಾಡಿದ ಪರಂಪರೆಯದು. ಗುರುವು ಹೇಳಿದಂತೆ ಹೇಳುವದೇ ಅಲ್ಲಿ ವಿದ್ಯೆಯ ಬಾಗಿಲು. ಹಾಗಿದ್ದಲ್ಲಿ ಮಕ್ಕಳನ್ನು ಮನಬಂದಂತೆ ಮಾಡಬಿಟ್ಟರೆ ಶಿಸ್ತು ಎಲ್ಲಿ ಉಳಿಯಿತು, ಗುರುವಿನ ಕೆಲಸವೇನು ಉಳಿಯಿತು? ಈ ಆಕ್ಷೇಪವು ಹಗುರವಾದುದಲ್ಲ. ಕಂಠಪಾಠದಿಂದ ನಾಲಗೆಯು ತಿದ್ದುವದು, ಧಾರಣಶಕ್ತಿಯು ಬಲಿಯುವದು, ಕಣಜವು ತುಂಬುವದು. ಇದನ್ನು ಅಲ್ಲಗಳೆಯುವವರು ಆ ವಿದ್ಯೆಯ ರುಚಿಯನ್ನು ಕಾಣದವರು. ಆದರೆ ಅದೇ ಪಾಠಶಾಲೆಗಳಲ್ಲಿ ಸಮಸ್ಯಾಪೂರಣವೆಂಬದೊಂದು ಇತ್ತೆಂಬದನ್ನು ಮರೆಯಕೂಡದು. ಗುರುವು ಪದ್ಯದ ಕೊನೆಯ ಪಾದವೊಂದನ್ನೇ ಕೊಡುವನು. ಅರ್ಥಕ್ಕೆ ಹೊಂದದಂತೆ ಕಾಣುವ ಆ ಪಾದಕ್ಕೆ ಶಿಷ್ಯನು ತನ್ನ ಬುದ್ಧಿಯಿಂದ ಮೂರು ಪಾದಗಳನ್ನು ಕಟ್ಟಿ ಅರ್ಥವನ್ನು ತರಬೇಕು. ಹತ್ತು ಶಿಷ್ಯರು ಹತ್ತು ಬಗೆಯಾಗಿ ಕಟ್ಟಿದರೆ ಗುರುವಿಗೆ ಹತ್ತುಪಾಲು ಹಿಗ್ಗು. ಎಲ್ಲರೂ ಒಂದೇ ತೆರನಾಗಿ ಕಟ್ಟಿದರೆ, ಒಬ್ಬರದನ್ನು ಒಬ್ಬರು ನೋಡಿದರೆಂದು ಸಂದೇಹ! ಕಣಜದ ಕಾಳು ಉಣ್ಣುವದಕ್ಕೂ ಹೌದು, ಬಿತ್ತುವದಕ್ಕೂ ಹೌದೆಂದು ಆ ಗುರುಗಳು ಬಲ್ಲರು. ಕಂಠಪಾಠವನ್ನು ಉಳಿಸಿಕೊಂಡು ಸಮಸ್ಯಾಪೂರಣವನ್ನು ಬಿಟ್ಟ ಶಾಲೆಯು ಸಂಪ್ರದಾಯದ ಅರ್ಧವನ್ನೇ ಹಿಡಿದಿದೆಯೆಂದು ಹೇಳಬೇಕಾಗುವದು.

ಶಿಸ್ತಿನ ಮಾತಂತೂ ಕಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು. ಮಣ್ಣಿಗೆ ನೀರು ಹೆಚ್ಚಾದರೆ ಎತ್ತು ಕುಸಿಯುವದು, ಕಡಿಮೆಯಾದರೆ ಬಿರಿಯುವದು. ಅದನ್ನು ಮಗುವಿಗೆ ಯಾರೂ ಗದರಿಸಿ ಹೇಳಬೇಕಾಗಿಲ್ಲ, ಮಣ್ಣೇ ಹೇಳುತ್ತದೆ. ಕೋಲಾಟದಲ್ಲಿ ಒಂದು ಪೆಟ್ಟು ತಪ್ಪಿದರೆ ಇದಿರಿನವನ ಕೋಲು ಬೆರಳಿಗೆ ಬೀಳುವದು. ಭಜನೆಯಲ್ಲಿ ತಾಳ ತಪ್ಪಿದವನು ತಾನೇ ನಿಂತು ಮತ್ತೆ ಕೂಡಿಕೊಳ್ಳುವನು. ಇಂಥ ಶಿಸ್ತು ಹೊರಗಿನಿಂದ ಹೇರಿದುದಲ್ಲವಾದುದರಿಂದ ಬೆತ್ತವು ಮರೆಯಾದೊಡನೆ ಮಾಯವಾಗುವದಿಲ್ಲ.

ಶರಣಧರ್ಮದಲ್ಲಿಯೇ ಈ ವಿಚಾರಕ್ಕೆ ಭದ್ರವಾದ ಬುನಾದಿಯಿದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಪಂಕ್ತಿಗೆ ತಂದರು. ಕುಂಬಾರ ಗುಂಡಯ್ಯನು ಮಡಕೆಯನ್ನು ಬಡಿಯುತ್ತ ಆ ನಾದಕ್ಕೆ ತಾನೇ ಮೈಮರೆತು ಕುಣಿದನೆಂದೂ, ಆ ಕುಣಿತಕ್ಕೆ ಒಲಿದು ಶಿವನೂ ಕುಣಿದನೆಂದೂ ಹರಿಹರನು ರಗಳೆಯಲ್ಲಿ ಹಾಡಿದ್ದಾನೆ. ಗುಂಡಯ್ಯನ ಕೈಯಲ್ಲಿ ಮಡಕೆಯು ಜೀವನೋಪಾಯವೂ ಆಯಿತು, ವಾದ್ಯವೂ ಆಯಿತು, ಪೂಜೆಯೂ ಆಯಿತು. ಅಲ್ಲಮಪ್ರಭುಗಳನ್ನು ಅದೇ ಕವಿಯು ಮದ್ದಳೆಯ ಕುಶಲನೆಂದು ಚಿತ್ರಿಸಿದ್ದಾನೆ. ಅದಕ್ಕಿಂತಲೂ ಹೆಚ್ಚಿನ ಮಾತೊಂದುಂಟು. ನೇಯುವವನು, ದೋಣಿ ನಡೆಸುವವನು, ಬಟ್ಟೆ ಒಗೆಯುವವನು, ಅಕ್ಕಿ ಆಯುವವಳು, ಇವರೆಲ್ಲರೂ ತಮ್ಮ ಅನುಭವವನ್ನು ತಮ್ಮ ಕಸುಬಿನ ಮಾತುಗಳಲ್ಲಿಯೇ ನುಡಿದರು, ಅದು ವಚನವಾಯಿತು. ಮೊದಲು ಪಂಡಿತರಂತೆ ಮಾತಾಡಲು ಕಲಿತು ಬಾ, ಆಮೇಲೆ ನಿನ್ನ ಅನುಭವವನ್ನು ಹೇಳುವೆಯಂತೆ ಎಂದು ಅವರನ್ನು ಯಾರೂ ಹಿಂದಕ್ಕೆ ಕಳಿಸಲಿಲ್ಲ. ಹಾಗೆ ಕಳಿಸಿದ್ದರೆ ಕನ್ನಡಕ್ಕೆ ವಚನಸಾಹಿತ್ಯವೇ ಇರುತ್ತಿದ್ದಿಲ್ಲ. ಈ ಪರಂಪರೆಯ ಮಠವು ನಡೆಸುವ ಶಾಲೆಯಲ್ಲಿ ಕುಂಬಾರರ ಮಗುವಿಗೆ ಮಣ್ಣಿನ ಕೆಲಸವು ಕೀಳೆಂದೂ, ನೇಕಾರರ ಮಗುವಿಗೆ ನೂಲಿನ ಬಣ್ಣಗಳು ಪಾಠಕ್ಕೆ ಸಂಬಂಧಿಸಿದವಲ್ಲವೆಂದೂ ತೋರುವಂತಾದರೆ, ಗೋಡೆಯ ಮೇಲೆ ಕಾಯಕದ ಮಹಿಮೆಯನ್ನು ಎಷ್ಟು ದಪ್ಪ ಅಕ್ಷರಗಳಲ್ಲಿ ಬರೆಸಿದರೂ ವ್ಯರ್ಥವು.

ಈ ದಾರಿಯನ್ನು ನಡೆದು ನೋಡಿದವರು ಅನೇಕರಿದ್ದಾರೆ. ಜರ್ಮನಿಯ ಫ್ರೋಬೆಲನು ೧೮೩೭ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಎಳೆಯರ ಶಾಲೆಯನ್ನು ತೆರೆದು, ನೂಲಿನ ಚೆಂಡು, ಮರದ ಗುಂಡು, ಚೌಕ, ಉರುಳೆಗಳನ್ನು ಅವರ ಕೈಗೆ ಕೊಟ್ಟನು. ಮಕ್ಕಳು ಗಿಡಗಳು, ಶಾಲೆಯು ತೋಟ ಎಂಬ ಅರ್ಥದ ಹೆಸರನ್ನು ೧೮೪೦ರಲ್ಲಿ ಅದಕ್ಕೆ ಇಟ್ಟನು. ವಿಯೆನ್ನಾ ನಗರದ ಫ್ರಾಂಜ್ ಚಿಜೆಕ್ ಎಂಬ ಚಿತ್ರಕಾರನು ೧೮೯೭ರಲ್ಲಿ ಮಕ್ಕಳಿಗಾಗಿ ಕಲೆಯ ತರಗತಿಯನ್ನು ತೆರೆದು, ಮಗುವಿನ ಚಿತ್ರವು ದೊಡ್ಡವರ ಚಿತ್ರದ ಅಪಕ್ವ ರೂಪವಲ್ಲ, ಅದು ತನ್ನದೇ ನಿಯಮವುಳ್ಳ ಕಲೆಯೆಂದು ಲೋಕಕ್ಕೆ ಸಾರಿದನು. ರವೀಂದ್ರನಾಥ ಠಾಕೂರರು ೧೯೦೧ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದು ಹಾಡನ್ನೂ ನಾಟಕವನ್ನೂ ಋತುಗಳ ಹಬ್ಬಗಳನ್ನೂ ಪಾಠದ ಒಳಗೇ ತಂದರು. ಅವರು ಎಳೆಯರಿಗಾಗಿ ಬರೆದ ‘ಸಹಜಪಾಠ’ವೆಂಬ ಬಂಗಾಲಿ ಪ್ರಥಮಪುಸ್ತಕಕ್ಕೆ ೧೯೩೦ರಲ್ಲಿ ಚಿತ್ರಗಳನ್ನು ಕೊರೆದುಕೊಟ್ಟವರು ನಂದಲಾಲ ಬಸು. ಅಷ್ಟು ದೊಡ್ಡ ಕಲಾವಿದರು ಅಕ್ಷರಮಾಲೆಯ ಪುಸ್ತಕಕ್ಕೆ ಕೈಯಿಕ್ಕಿದ್ದು, ಮಗುವಿನ ಮೊದಲ ಪುಸ್ತಕಕ್ಕೆ ಎಂಥ ಕೈ ಬೇಕೆಂಬದನ್ನು ತೋರಿಸುತ್ತದೆ. ಗುಜರಾತದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು (೧೮೮೫–೧೯೩೯) ೧೯೨೦ರಲ್ಲಿ ದಕ್ಷಿಣಾಮೂರ್ತಿ ಬಾಲಮಂದಿರವನ್ನು ತೆರೆದರು. ಅವರ ‘ದಿವಾಸ್ವಪ್ನ’ವೆಂಬ ಕಥಾರೂಪದ ಪುಸ್ತಕದಲ್ಲಿ ನಾಲ್ಕನೆಯ ಇಯತ್ತೆಯನ್ನು ಪ್ರಯೋಗಕ್ಕಾಗಿ ಪಡೆದ ಗುರುವು ಗದ್ದಲದ ತರಗತಿಯನ್ನು ಬೆತ್ತದಿಂದಲ್ಲ, ಕಥೆಯಿಂದ ಗೆಲ್ಲುತ್ತಾನೆ. ೧೯೩೭ರ ವರ್ಧಾ ಪರಿಷತ್ತಿನಿಂದ ಗಾಂಧೀಜಿಯವರ ನಯೀ ತಾಲೀಮು ಹೊರಟಿತು. ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದರು ೧೯೪೪ರಲ್ಲಿ ಸೇವಾಗ್ರಾಮಕ್ಕೆ ಕಲಾಶಿಕ್ಷಕರಾಗಿ ಬಂದು, ಹಳ್ಳಿಯ ಮಕ್ಕಳ ನಡುವೆ ಕಂಡುಕೊಂಡದ್ದನ್ನು ಮುಂದೆ ಗ್ರಂಥವಾಗಿ ಬರೆದರು. ಶಿಕ್ಷಣದ ಆಧಾರವೇ ಕಲೆಯೆಂಬದು ಅದರ ಸಿದ್ಧಾಂತವು. ಕನ್ನಡನಾಡಿನಲ್ಲಿಯೂ ಕೋಟ ಶಿವರಾಮ ಕಾರಂತರು (೧೯೦೨–೧೯೯೭) ೧೯೩೦ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಇಂಥ ಪ್ರಯೋಗಗಳನ್ನು ನಡೆಸಿದರು. ದೇಶವು ಬೇರೆ, ಮತವು ಬೇರೆ, ಕಾಲವು ಬೇರೆ; ಆದರೂ ಇವರೆಲ್ಲರೂ ಮೊದಲು ಮಗುವನ್ನು ನೋಡಿದರು, ಆಮೇಲೆ ಪಾಠವನ್ನು ಯೋಚಿಸಿದರು.

ಮಗುವನ್ನು ನೋಡುವದೆಂದರೇನೆಂಬದಕ್ಕೆ ಮಠಗಳ ಇತಿಹಾಸದಲ್ಲಿಯೇ ಉಜ್ಜ್ವಲವಾದ ನಿದರ್ಶನವಿದೆ. ೧೯೦೯ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಮಹಾಸ್ವಾಮಿಗಳವರು ಹಳ್ಳಿಯೊಂದರ ಅಂಧ ಬಾಲಕನ ಕಂಠವನ್ನು ಗುರುತಿಸಿ, ಅವನಿಗೆ ಸಂಗೀತವನ್ನು ಕಲಿಸುವ ಏರ್ಪಾಡು ಮಾಡಿದರು. ಕಣ್ಣಿಲ್ಲದವನೆಂದು ಲೋಕವು ಕನಿಕರಪಡುತ್ತಿದ್ದಾಗ ಗುರುವು ಅವನಲ್ಲಿ ಇದ್ದುದನ್ನು ಕೇಳಿದನು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು (೧೮೯೨–೧೯೪೪) ಪ್ರಸಿದ್ಧನಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಎಷ್ಟೋ ಅಂಧ ಅನಾಥ ಮಕ್ಕಳಿಗೆ ನಾದದ ಕಣ್ಣನ್ನು ಕೊಟ್ಟನು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಆ ದಾಸೋಹವನ್ನು ನೂರ್ಮಡಿಸಿದರು. ಪ್ರತಿ ಮಗುವೂ ಗವಾಯಿಯಾಗಬೇಕೆಂಬದು ಇದರ ತಾತ್ಪರ್ಯವಲ್ಲ. ಮಗುವಿನಲ್ಲಿ ಇಲ್ಲದ್ದನ್ನು ಎಣಿಸುವ ಮೊದಲು ಇರುವದನ್ನು ಕೇಳಬೇಕೆಂಬದೇ ತಾತ್ಪರ್ಯವು.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯ ವರೆಗೆ ಕಲೆಯು ಪಾಠದ ಅಂಗವಾಗಿರಬೇಕೆಂದು ಹೇಳಿತು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಕಲೆಯನ್ನು ಇತರ ವಿಷಯಗಳೊಡನೆ ಬೆಸೆಯಬೇಕೆಂದು ಹೇಳಿತು. ೨೦೦೯ರ ಶಿಕ್ಷಣಹಕ್ಕಿನ ಕಾಯಿದೆಯು ಚಟುವಟಿಕೆ, ಅನ್ವೇಷಣೆಗಳ ಮೂಲಕ ಕಲಿಕೆಯು ನಡೆಯಬೇಕೆಂದು ವಿಧಿಸಿದೆ. ಆದರೆ ಅದೇ ಕಾಯಿದೆಯ ಅನುಸೂಚಿಯಲ್ಲಿ ಕಲಾಶಿಕ್ಷಣಕ್ಕೆ ಅರೆಕಾಲದ ಬೋಧಕರನ್ನು ಹೇಳಿದ್ದು ೬ರಿಂದ ೮ನೆಯ ತರಗತಿಗಳಿಗೆ, ಅದೂ ೧೦೦ಕ್ಕೆ ಮೀರಿ ಮಕ್ಕಳಿದ್ದಲ್ಲಿ. ೧ರಿಂದ ೫ರ ವರೆಗೆ ಅಂಥ ಬೋಧಕರ ಮಾತಿಲ್ಲ. ಪ್ರತಿಭೆಯ ಮೊಳಕೆಯು ಅತ್ಯಂತ ಕೋಮಲವಾಗಿರುವ ವಯಸ್ಸಿನಲ್ಲಿ ಅದರ ಪಾಲನೆಯು ತರಗತಿಯ ಗುರುವಿನ ಮೇಲೆಯೇ ಬಿದ್ದಿದೆಯೆಂದಾಯಿತು. ಇದರಿಂದ ನಿರಾಶರಾಗಬೇಕಾಗಿಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ–ಕಲಿ ಪದ್ಧತಿಯು ಹಾಡು, ಆಟ, ಕಾರ್ಡುಗಳಿಂದ ಸಾಮಾನ್ಯ ಗುರುಗಳೇ ಎಳೆಯರಿಗೆ ನಲಿವಿನಿಂದ ಕಲಿಸಬಹುದೆಂದು ತೋರಿಸಿ ರಾಜ್ಯದಲ್ಲೆಲ್ಲ ಹಬ್ಬಿತು. ಚಿತ್ರ ಬರೆಯಬಲ್ಲ ಗುರುವಿಗಿಂತ ಚಿತ್ರವನ್ನು ನೋಡಬಲ್ಲ ಗುರುವು ಈ ವಯಸ್ಸಿಗೆ ಹೆಚ್ಚು ಬೇಕಾದವನು.

ಹಾಗಾದರೆ ಶಾಲೆಯು ಮಾಡತಕ್ಕದ್ದೇನು? ಮೊದಲನೆಯದು ಸಾಮಗ್ರಿ. ಬೆಲೆಬಾಳುವ ಬಣ್ಣದ ಪೆಟ್ಟಿಗೆಗಳಿಲ್ಲವೆಂದು ಕೈಕಟ್ಟಿ ಕೂಡ್ರಬೇಕಾಗಿಲ್ಲ. ಕೆರೆಯ ಮಣ್ಣು, ಉಸುಕು, ಇದ್ದಿಲು, ಕೆಮ್ಮಣ್ಣು, ಸುಣ್ಣ, ಎಲೆ, ಬೀಜ, ಹಳೆಯ ಪತ್ರಿಕೆ, ತುದಿ ಜಜ್ಜಿದ ಬೇವಿನ ಕಡ್ಡಿ ಇವು ಎಲ್ಲೆಡೆಯೂ ದೊರೆಯುವವು. ಅರಿಸಿನದ ನೀರಿಗೆ ಸುಣ್ಣದ ತಿಳಿ ಬಿದ್ದೊಡನೆ ಹಳದಿಯು ಕೆಂಪಾಗುವದನ್ನು ಮಗುವು ತಾನೇ ಕಂಡುಕೊಂಡಾಗ ಚಿತ್ರವೂ ಪದಾರ್ಥವಿಜ್ಞಾನವೂ ಒಂದೇ ತಾಸಿನಲ್ಲಿ ನಡೆದಂತಾಗುವದು. ಸುಣ್ಣವು ಕಣ್ಣಿಗೆ ಕೈಗೆ ತಾಗದಂತೆ ಗುರುವು ತಾನೇ ಹನಿಸಿ ತೋರಿಸುವದು ಒಳ್ಳೆಯದು.

ಎರಡನೆಯದು ಕಾಲ. ಗಣಿತವು ಮುಗಿದು ಹತ್ತು ನಿಮಿಷ ಮಿಕ್ಕಾಗ, ಗುರುಗಳು ರಜೆಯಲ್ಲಿದ್ದಾಗ ಚಿತ್ರ ಬರೆಸುವದು ಕಲಾಶಿಕ್ಷಣವಲ್ಲ. ಕೈ ಕೆಲಸದಲ್ಲಿ ತೊಡಗಿ ಮನಸ್ಸು ನೆಲೆಗೊಳ್ಳಲು ಮಗುವಿಗೂ ಹೊತ್ತು ಬೇಕು. ವಾರದಲ್ಲಿ ಎರಡು ದಿನವಾದರೂ ಕೂಡಿದ ಎರಡು ತಾಸುಗಳನ್ನು ಇದಕ್ಕೆಂದೇ ಮೀಸಲಿಡಬೇಕು.

ಮೂರನೆಯದು ನೋಟ. ಮಗುವಿನ ಚಿತ್ರದ ಮೇಲೆ ಗುರುವು ತನ್ನ ಗೆರೆಯನ್ನು ಎಳೆಯಕೂಡದು. ‘ಇದೇನಿದು?’ ಎಂದು ಕೇಳಿದರೆ ಮಗುವು ಮುದುಡುವದು. ‘ಇದರ ಕಥೆ ಹೇಳಪ್ಪ’, ‘ಇದರ ಕಥೆ ಹೇಳವ್ವ’ ಎಂದರೆ ಅರಳುವದು. ತಾಂಡಾದಿಂದ ಬಂದ ಲಂಬಾಣಿಗರ ಮಗು, ಉರ್ದು ತೆಲುಗು ಮರಾಠಿಗಳ ಮನೆಯಿಂದ ಬಂದ ಮಗು, ಶಾಲೆಯ ಕನ್ನಡವು ನಾಲಗೆಗೆ ಬರುವ ಮೊದಲು ಮೂಕನಂತೆ ಹಿಂದಿನ ಸಾಲಿನಲ್ಲಿ ಕುಳಿತಿರುತ್ತದೆ. ಅಂಥ ಮಗುವು ಮೊದಲು ಮಾತಾಡುವದು ಗೆರೆಯಲ್ಲಿ, ಮಣ್ಣಿನಲ್ಲಿ, ಕುಣಿತದಲ್ಲಿ. ಗುರುವು ಆ ಮಾತನ್ನು ಕೇಳಿದರೆ ಉಳಿದ ಮಾತು ಹಿಂದೆಯೇ ಬರುತ್ತದೆ. ಕೇಳದಿದ್ದರೆ ಆ ಮಗುವು ಶಾಲೆಯನ್ನೇ ಬಿಡಬಹುದು. ಆದಕಾರಣ ಈ ವಿಷಯವು ವಿನೋದದ್ದಲ್ಲ; ಯಾರು ಕಲಿಯುವರು, ಯಾರು ಹೊರಗೆ ಉಳಿಯುವರೆಂಬ ನ್ಯಾಯದ ವಿಷಯವು.

ನಾಲ್ಕನೆಯದು ಊರಿನ ಗುರುಗಳು. ಶಾಲೆಯ ಸುತ್ತಲೇ ಕುಂಬಾರರು, ನೇಕಾರರು, ಬಡಿಗರು, ಭಜನೆಯವರು, ಸೋಬಾನೆ ಬಲ್ಲ ತಾಯಂದಿರು ಇದ್ದಾರೆ. ತಿಂಗಳಿಗೊಬ್ಬರನ್ನು ಮರ್ಯಾದೆಯಿಂದ ಕರೆತಂದು ಮಕ್ಕಳ ನಡುವೆ ಅವರ ಕೆಲಸವನ್ನು ಮಾಡಿಸಬೇಕು. ತನ್ನ ತಂದೆಗೆ ಗುರುಪೀಠವು ದೊರೆತುದನ್ನು ಕಂಡ ಕುಂಬಾರರ ಮಗುವು ಕಾಯಕದ ಮಹಿಮೆಯನ್ನು ಆ ದಿನ ನಿಜವಾಗಿ ಕಲಿಯುವದು.

ಐದನೆಯದು ಬಹುಮಾನದ ವಿಚಾರ. ಉತ್ಸವದ ಈ ಸಂದರ್ಭದಲ್ಲಿ ಇದನ್ನು ಆಡದೆ ಬಿಡುವದು ಸರಿಯಲ್ಲ. ಸಭೆ ಸಮಾರಂಭಗಳಲ್ಲಿ ಮಕ್ಕಳನ್ನು ಸಿಂಗರಿಸಿ, ತಿಂಗಳುಗಟ್ಟಲೆ ಒಂದೇ ಹೆಜ್ಜೆಯನ್ನು ತಿದ್ದಿ, ಯಂತ್ರದ ಹಾಡಿಗೆ ಕುಣಿಸುವ ರೂಢಿಯು ಎಲ್ಲೆಡೆ ಬೆಳೆದಿದೆ. ನೋಡುವವರಿಗೆ ಆನಂದವಾಗುವದು ದಿಟ. ಆದರೆ ಅಲ್ಲಿ ಆರಿಸಿದ ಹತ್ತು ಮಕ್ಕಳು ಕುಣಿಯುತ್ತಾರೆ, ಉಳಿದ ಇನ್ನೂರು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಕುಣಿದ ಹತ್ತು ಮಕ್ಕಳ ಹೆಜ್ಜೆಯೂ ಅವರದಲ್ಲ. ಚಿತ್ರಸ್ಪರ್ಧೆಯಲ್ಲಿ ಒಬ್ಬನಿಗೆ ಪ್ರಥಮವೆಂದು ಕೊಟ್ಟಾಗ ಮಿಕ್ಕವರಿಗೆ ತಮ್ಮದು ಕಲೆಯಲ್ಲವೆಂದು ಹೇಳಿದಂತಾಗುವದು. ಈ ಕಾರ್ಯಕ್ರಮಗಳನ್ನು ಒಮ್ಮೆಗೇ ನಿಲ್ಲಿಸಬೇಕೆಂದಲ್ಲ. ಅವುಗಳ ಜೊತೆಗೆ ಶಾಲೆಯ ಪ್ರತಿ ಮಗುವಿನ ಒಂದೊಂದು ಕೃತಿಯಾದರೂ ಹೆಸರಿನೊಡನೆ, ಅಂಕವಿಲ್ಲದೆ, ಎಲ್ಲರಿಗೂ ಕಾಣುವಂತೆ ಇರಬೇಕು. ತಾವು ಕೇಳಿದ ಕಥೆಯನ್ನು ಮಕ್ಕಳು ತಮ್ಮ ಮಾತುಗಳಲ್ಲಿಯೇ ಆಡಿ ತೋರಿಸುವ ಒಂದು ಆಟವಾದರೂ ಇರಬೇಕು. ನಡುವೆ ಮಾತು ಮರೆತು ಮಗುವು ನಕ್ಕರೆ ಸಭೆಯೂ ನಕ್ಕು ಕಾಯಬೇಕು. ದೇವರ ಜಗುಲಿಯ ಮೇಲೆ ಸೊಟ್ಟಕಾಲಿನ ಎತ್ತಿಗೆ ಸ್ಥಳವಿತ್ತಲ್ಲ, ಶಾಲೆಯ ವೇದಿಕೆಯ ಮೇಲೆ ಏಕಿರಬಾರದು?

ಇಷ್ಟಾದರೂ, ಇದರಿಂದ ಹೊಟ್ಟೆ ತುಂಬುವದೇ, ಪರೀಕ್ಷೆಯಲ್ಲಿ ಅಂಕ ಬರುವವೇ ಎಂದು ತಂದೆತಾಯಿಗಳು ಕೇಳುವರು. ಬಡತನವನ್ನು ಕಂಡವರು ಹಾಗೆ ಕೇಳುವದು ನ್ಯಾಯವೇ. ಮಣ್ಣನ್ನು ಹದಮಾಡಿದ ಬೆರಳು ಲೇಖನಿಯನ್ನೂ ಚೆನ್ನಾಗಿ ಹಿಡಿಯುವದು. ಎಲೆಯನ್ನು ನೋಡಿ ಬರೆದ ಕಣ್ಣು ಎಲೆಯ ನರಗಳನ್ನು ಮರೆಯದು. ಕಥೆಯನ್ನು ಆಡಿದ ನಾಲಗೆಯು ಸಭೆಯಲ್ಲಿ ಅಳುಕದು. ಇವು ಪಾಠಕ್ಕೂ ಪರೀಕ್ಷೆಗೂ ಒದಗುವ ಲಾಭಗಳು. ಆದರೆ ಈ ಲಾಭಗಳಿಗಾಗಿಯೇ ಕಲೆಯೆಂದು ಹೇಳಿದರೆ ಅರ್ಧಸತ್ಯವಾಗುವದು. ತನ್ನ ಕೈಯಿಂದ ಒಂದು ವಸ್ತುವು ಲೋಕದಲ್ಲಿ ಹೊಸದಾಗಿ ಬಂದಿತೆಂಬ ಅರಿವು ಮಗುವಿಗೆ ಒಮ್ಮೆಯಾದರೂ ಆಗಬೇಕು. ಆ ಅರಿವಾದ ಮಗುವು ಬೆಳೆದು ಯಾವ ಉದ್ಯೋಗವನ್ನು ಹಿಡಿದರೂ ಅದನ್ನು ಕೂಲಿಯಾಗಿ ಮಾಡದ��, ಕಾಯಕವಾಗಿ ಮಾಡುವದು.

ತ್ರಿವಿಧ ದಾಸೋಹದಲ್ಲಿ ಅಕ್ಷರವೆಂಬ ಮಾತಿಗೆ ಕ್ಷರವಲ್ಲದ್ದು, ಅಳಿಯದ್ದು ಎಂಬ ಅರ್ಥವೂ ಇದೆ. ಪಾಟಿಯ ಮೇಲೆ ಬರೆದ ಅಕ್ಷರವು ಒರಸಿದರೆ ಅಳಿಯುವದು. ಮಗುವಿನ ಒಳಗಿನ ನಿರ್ಮಾಣಶಕ್ತಿಯು ಕೆಡದಂತೆ ಕಾದರೆ ಅಳಿಯುವದಿಲ್ಲ. ಶ್ರೀಮಠದ ಆಶ್ರಯದಲ್ಲಿ ಓದುವ ಎಳೆಯರೆಲ್ಲರಿಗೂ ಅಂಥ ಅಕ್ಷರವು ದೊರೆಯಲಿ. ಗುರುಗಳಿಗೆ ಅದನ್ನು ಕಾಣುವ ಕಣ್ಣನ್ನೂ, ಭಕ್ತರಿಗೆ ಅದಕ್ಕೆ ನೆರವಾಗುವ ಮನಸ್ಸನ್ನೂ ಕೂಡಲಸಂಗಮದೇವನು ಕರುಣಿಸಲಿ.